‘ಘರ್ಷಣೆ’ ಪಾಠ ಮತ್ತು ಎಂಜಿನ್ ಆಯಿಲ್ ಡಬ್ಬಿ: ಬೋಧನಾಭ್ಯಾಸದ ಒಂದು ಅನುಭವ

ಬೋಧನಾಭ್ಯಾಸಕ್ಕಾಗಿ ನನ್ನನ್ನು ತಿ. ನರಸೀಪುರದ ಒಂದು ಪ್ರೌಢಶಾಲೆಗೆ ನಿಯೋಜಿಸಿದ್ದರು. ನನ್ನೂರು ನಂಜನಗೂಡು ತಾಲ್ಲೂಕಿನಲ್ಲಿದೆ. ದಿನವೂ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದೆ. ಎಂಟನೇ ತರಗತಿಯ ‘ಘರ್ಷಣೆ’ ಪಾಠಕ್ಕೆ ನಾಲ್ಕು ಅವಧಿಗಳ ಪಾಠ ಯೋಜನೆ ಬರೆದುಕೊಂಡಿದ್ದೆ. ಮೊದಲ ಅವಧಿ ಯೋಜನೆಯಂತೆಯೇ ಮುಗಿಯಿತು. ಬಾಳೆಹಣ್ಣಿನ ಸಿಪ್ಪೆ, ಕೇರಂ ಬೋರ್ಡಿನ ಪೌಡರ್, ಸವೆದ ಚಪ್ಪಲಿ, ಎಲ್ಲವೂ ಬಂದು ಹೋದವು. ಕೊನೆಯಲ್ಲಿ ಘರ್ಷಣೆ ಕಡಿಮೆ ಮಾಡುವ ವಿಧಾನಗಳನ್ನು ಹೇಳುತ್ತಾ ಕೀಲೆಣ್ಣೆಯ ಮಾತು ಬಂದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

“ಮಿಸ್, ಎಂಜಿನ್ ಆಯಿಲ್ ಜೊತೆ ಒಂದು ಸಣ್ಣ ಡಬ್ಬಿ ಹಾಕ್ತಾರಲ್ಲ, ಅದು ಹಾಕ್ಸುದ್ರೆ ಒಳ್ಳೇದಾ?”

ಗಂಟೆ ಹೊಡೆಯಲು ಎರಡು ನಿಮಿಷ ಉಳಿದಿತ್ತು. ಹದಿನೈದು ದಿನಗಳ ಹಿಂದಷ್ಟೇ ನಾನೂ ಸ್ಕೂಟರ್ ಸರ್ವೀಸ್ ಮಾಡಿಸಿ, ಮೆಕ್ಯಾನಿಕ್ ಹೇಳಿದನೆಂದು 340 ರೂಪಾಯಿ ಕೊಟ್ಟು ಅಂಥದೊಂದು ಅಡಿಟಿವ್ ಹಾಕಿಸಿದ್ದೆ. ಗಾಡಿ ನಯವಾಗಿ ಓಡುತ್ತಿದೆ ಎನಿಸಿತ್ತು. “ಹೌದು, ಒಳ್ಳೇದು. ನಾನೂ ಹಾಕಿಸಿದೀನಿ, ಘರ್ಷಣೆ ಕಡಿಮೆಯಾಗುತ್ತೆ” ಎಂದುಬಿಟ್ಟೆ. ತರಗತಿ ಮುಗಿಯಿತು.

ಮುಂದಿನ ವಾರ ಅದೇ ಹುಡುಗ ಊಟದ ವಿರಾಮದಲ್ಲಿ ಬಂದು, ದೂರುವ ದನಿಯಲ್ಲೇನೂ ಅಲ್ಲ, ಸುಮ್ಮನೆ ಸುದ್ದಿ ಹೇಳುವಂತೆ ಹೇಳಿದ: “ನೀವು ಹೇಳಿದ್ರಿ ಅಂತ ನಮ್ಮಣ್ಣನ ಬೈಕಿಗೆ ಹಾಕ್ಸುದ್ವಿ ಮಿಸ್. ಈಗ ಏರು ಬಂದ್ರೆ ಎಂಜಿನ್ ಕೂಗ್ತದೆ, ಗಾಡಿ ಎಳೆಯಲ್ಲ.” ಅವನ ಅಣ್ಣ ಸುತ್ತೂರು ಕಡೆಯ ಹಳ್ಳಿಯಿಂದ ತಾಂಡವಪುರದ ಕೈಗಾರಿಕಾ ಪ್ರದೇಶಕ್ಕೆ ಪಾಳಿ ಕೆಲಸಕ್ಕೆ ಹೋಗುವವನು. ಬೈಕು ನಿಂತರೆ ಕೂಲಿಯೂ ನಿಂತಂತೆ. ಅವರು ಡಬ್ಬಿಯನ್ನು ಕೊಂಡದ್ದು ಮೆಕ್ಯಾನಿಕ್‌ನ ಮಾತಿನ ಮೇಲಲ್ಲ, ವಿಜ್ಞಾನದ ಟೀಚರ್ ಮಾತಿನ ಮೇಲೆ. ಪಾಠ ಯೋಜನೆಯ ಯಾವ ಕಲಂನಲ್ಲೂ ಇಲ್ಲದ ಒಂದು ‘ಕಲಿಕಾ ಫಲ’ ಇದು. ನಾನು ಈ ಲೇಖನ ಬರೆಯುತ್ತಿರುವುದು ಅದರ ಕಾರಣಕ್ಕೇ.

ಒಂದೇ ಎಣ್ಣೆ, ಎರಡು ಕೆಲಸ

ಆ ಸಂಜೆ ನನ್ನ ಡಬ್ಬಿಯ ಹಿಂಬದಿಯನ್ನು ಮೊದಲ ಬಾರಿ ಓದಿದೆ. ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ವೆಟ್ ಕ್ಲಚ್ ಇರುವ ಬೈಕುಗಳಿಗೆ ಬಳಸಬೇಡಿ ಎಂದಿತ್ತು. ನಮ್ಮ ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರು, ಕ್ಲಚ್ ಮೂರಕ್ಕೂ ಒಂದೇ ಎಣ್ಣೆ. ಕ್ಲಚ್ಚಿನ ತಟ್ಟೆಗಳು ಆ ಎಣ್ಣೆಯಲ್ಲೇ ಮುಳುಗಿಕೊಂಡು ಒಂದನ್ನೊಂದು ಹಿಡಿದು ಎಂಜಿನ್ನಿನ ಬಲವನ್ನು ಚಕ್ರಕ್ಕೆ ದಾಟಿಸಬೇಕು. ಅಲ್ಲಿ ಹಿಡಿತ ಎಂದರೆ ಘರ್ಷಣೆ. ಗೇರಿಲ್ಲದ ಸ್ಕೂಟರಿನಲ್ಲಿ ಕ್ಲಚ್ ಎಣ್ಣೆಯ ಹೊರಗೆ, ಒಣಗಿದ ಜಾಗದಲ್ಲಿ ಇರುತ್ತದೆ. ಹಾಗಾಗಿ ಅದೇ ಡಬ್ಬಿ ನನ್ನ ಗಾಡಿಗೆ ತೊಂದರೆ ಕೊಡಲಿಲ್ಲ, ಬೈಕಿಗೆ ಕೊಟ್ಟಿರಬಹುದು.

‘ಕೊಟ್ಟಿರಬಹುದು’ ಎಂದೇ ಬರೆಯುತ್ತೇನೆ. ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಕ್ಲಚ್ ತಟ್ಟೆಗಳು ಮೊದಲೇ ಸಾಕಷ್ಟು ಸವೆದಿದ್ದವಂತೆ. ಅಡಿಟಿವ್ ಹಾಕದಿದ್ದರೂ ಇನ್ನೆರಡು ತಿಂಗಳಿಗೆ ಜಾರುತ್ತಿತ್ತೋ ಏನೋ, ಹೇಳಲಾಗದು. ನನ್ನ ಸ್ಕೂಟರ್ ‘ನಯವಾಗಿ’ ಓಡಿದ್ದರ ಕಥೆಯೂ ಇಂಥದ್ದೇ. ಅಡಿಟಿವ್ ಹಾಕಿಸಿದ ದಿನವೇ ಹಳೆಯ ಎಣ್ಣೆ ತೆಗೆಸಿ ಹೊಸದು ತುಂಬಿಸಿದ್ದೆ. ನಯವಾದದ್ದು ಯಾವುದರಿಂದ? ಬರೀ ಹೊಸ ಎಣ್ಣೆಯಿಂದಲೂ ಗಾಡಿಯ ಸದ್ದು ತಗ್ಗುತ್ತದೆ. ಬಿ.ಎಸ್ಸಿ.ಯಲ್ಲಿ ಮೂರು ವರ್ಷ ‘ಒಂದು ಚರಾಂಶವನ್ನು ಮಾತ್ರ ಬದಲಿಸಿ, ಉಳಿದವನ್ನು ಸ್ಥಿರವಾಗಿಡಿ’ ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದವಳು ನಾನು. ಗ್ಯಾರೇಜಿನ ಮುಂದೆ ನಿಂತಾಗ ಅದು ನೆನಪಾಗಲಿಲ್ಲ.

ಆದರೆ ಪಾಠದ ದೃಷ್ಟಿಯಿಂದ ವೆಟ್ ಕ್ಲಚ್ ಒಂದು ನಿಧಿ. ಘರ್ಷಣೆ ನಮಗೆ ಬೇಕೂ ಹೌದು, ಬೇಡವೂ ಹೌದು ಎನ್ನುವುದಕ್ಕೆ ನಾವು ಕೊಡುವ ಉದಾಹರಣೆಗಳು ಬೇರೆಬೇರೆ ಜಾಗದವು: ಬ್ರೇಕಿನಲ್ಲಿ ಬೇಕು, ಬಾಗಿಲ ಕೀಲಿನಲ್ಲಿ ಬೇಡ. ಇಲ್ಲಿ ಒಂದೇ ಲೀಟರ್ ಎಣ್ಣೆ ಪಿಸ್ಟನ್ನಿನ ಬಳಿ ಜಾರಿಸಬೇಕು, ಕ್ಲಚ್ಚಿನ ಬಳಿ ಹಿಡಿಯಲು ಬಿಡಬೇಕು. ಇದಕ್ಕಾಗಿಯೇ ಜಪಾನಿನ ವಾಹನ ಉದ್ಯಮದವರು ಬೈಕಿನ ಎಣ್ಣೆಗೆ ‘ಜಾಸೋ’ ಎಂಬ ಪ್ರತ್ಯೇಕ ಮಾನಕ ಮಾಡಿದ್ದಾರೆ. ‘ಎಂಎ’, ‘ಎಂಎ2’ ಎಂದಿದ್ದರೆ ವೆಟ್ ಕ್ಲಚ್ಚಿಗೆ ಬೇಕಾದ ಘರ್ಷಣೆ ಉಳಿಸುವ ಎಣ್ಣೆ. ‘ಎಂಬಿ’ ಎಂದರೆ ಹೆಚ್ಚು ಜಾರುವಂಥದ್ದು, ಸ್ಕೂಟರಿಗೆ ಸರಿ.

ಸಿರಿಂಜ್ ಪ್ರಯೋಗ: ಚೆನ್ನಾಗಿ ನಡೆದ ತಪ್ಪು ಪಾಠ

ಎರಡನೇ ಬಾರಿ ಸಿದ್ಧಳಾಗಿಯೇ ಹೋದೆ. ಮಕ್ಕಳಿಗೆ ಮನೆಯಿಂದ ಖಾಲಿ ಆಯಿಲ್ ಡಬ್ಬಿ ತರಲು ಹೇಳಿದ್ದೆ. ಹದಿಮೂರು ಬಂದವು. ಪವರ್ ಟಿಲ್ಲರಿನದು, ಕಬ್ಬಿನ ಟ್ರ್ಯಾಕ್ಟರಿನದು, ಬೈಕಿನದು, ಒಂದು ತೊಳೆದು ಅಡುಗೆ ಎಣ್ಣೆ ತುಂಬಿಡುತ್ತಿದ್ದುದು (ಇದನ್ನು ಮಾಡಬಾರದೆಂದು ಐದು ನಿಮಿಷ ಹೇಳಬೇಕಾಯಿತು). 20ಡಬ್ಲ್ಯೂ-40 ಎಂಬುದರಲ್ಲಿ ಡಬ್ಲ್ಯೂ ಎಂದರೆ ‘ವೆಯ್ಟ್’ ಎಂದು ಒಬ್ಬ ಹೇಳಿದ. ನಾನೂ ಹಿಂದಿನ ವಾರದವರೆಗೆ ಹಾಗೆಯೇ ತಿಳಿದಿದ್ದೆ. ಅದು ‘ವಿಂಟರ್’, ಚಳಿಗಾಲ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸುಲಭವಾಗಿ ಹರಿಯುತ್ತದೆ ಎಂಬುದನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ ಎಷ್ಟು ಎಂಬುದನ್ನೂ ಸೂಚಿಸುತ್ತದೆ. 20ಡಬ್ಲ್ಯೂ ಎಣ್ಣೆಯ ಸ್ಟಾರ್ಟಿಂಗ್ ಪರೀಕ್ಷೆಯನ್ನು ಮಾಡುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 10ಡಬ್ಲ್ಯೂ ಎಣ್ಣೆಯದು ಸೊನ್ನೆಗಿಂತ 25 ಡಿಗ್ರಿ ಕೆಳಗೆ. ತಿ. ನರಸೀಪುರದಲ್ಲಿ ಮಾಘದ ಬೆಳಗ್ಗೆ ಸಂಗಮದಲ್ಲಿ ಮುಳುಗುವವರು ಎಷ್ಟೇ ನಡುಗಲಿ, ಹತ್ತು ಡಿಗ್ರಿಗಿಂತ ಕೆಳಗಿಳಿಯುವುದೇ ಇಲ್ಲಿ ಅಪರೂಪ.

ಪ್ರಯೋಗ ಇಷ್ಟು: ಸೂಜಿ ತೆಗೆದ 10 ಮಿ.ಲೀ.ನ ಹೊಸ ಸಿರಿಂಜ್, ಪಿಸ್ಟನ್ ಹೊರಗೆ, ಬಾಯಿಗೆ ಬೆರಳೊತ್ತಿ ಎಣ್ಣೆ ತುಂಬುವುದು. ಬೆರಳು ತೆಗೆದೊಡನೆ 10ರ ಗೆರೆಯಿಂದ 5ರ ಗೆರೆಗೆ ಇಳಿಯಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ಎಣಿಸುವುದು. ನಮಗೆ ಸಿಕ್ಕದ್ದು ಒರಟು ಲೆಕ್ಕ: ಕೊಬ್ಬರಿ ಎಣ್ಣೆಗೆ 16 ಸೆಕೆಂಡು, 10ಡಬ್ಲ್ಯೂ-30ಕ್ಕೆ 40ರ ಆಸುಪಾಸು, 20ಡಬ್ಲ್ಯೂ-40ಕ್ಕೆ 70ರ ಆಸುಪಾಸು, ಹರಳೆಣ್ಣೆಗೆ ಮೂರು ನಿಮಿಷ ದಾಟಿತು. ಅದೇ 20ಡಬ್ಲ್ಯೂ-40ನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು 60 ಡಿಗ್ರಿಗೆ ಕಾಯಿಸಿದರೆ 17 ಸೆಕೆಂಡಿಗೇ ಇಳಿದುಬಿಟ್ಟಿತು. ಮಕ್ಕಳು ಕೂಗಿದರು. ನನ್ನಲ್ಲಿ ಉಳಿದಿದ್ದ ಅಡಿಟಿವ್ ಬೆರೆಸಿದಾಗ ತಣ್ಣನೆಯ 20ಡಬ್ಲ್ಯೂ-40 ಇನ್ನೂ ನಿಧಾನವಾಯಿತು, 90 ಸೆಕೆಂಡು ಮೀರಿತು.

ಗುಂಪು ಚಟುವಟಿಕೆ, ಕೋಷ್ಟಕ, ಸ್ತಂಭಾಲೇಖ ಎಲ್ಲವೂ ಆಯಿತು. ಮಾರ್ಗದರ್ಶಕರು ವೀಕ್ಷಣಾ ಪಟ್ಟಿಯಲ್ಲಿ ‘ಮಕ್ಕಳ ಭಾಗವಹಿಸುವಿಕೆ ಅತ್ಯುತ್ತಮ’ ಎಂದು ಬರೆದರು. ನಾನು ಹಿಗ್ಗಿದ್ದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಕೇಳಿದಳು: “ಗಟ್ಟಿಯಾಗಿರದೇ ಒಳ್ಳೇದು ಅಂದ್ರೆ ಅಳ್ಳೆಣ್ಣೆನೇ ಬೆಸ್ಟ್ ಅಲ್ವಾ ಮಿಸ್? ಎಂಜಿನ್ನಿಗೆ ಅದನ್ನೇ ಯಾಕೆ ಹಾಕಲ್ಲ?”

ಇಡೀ ತರಗತಿ ಹೌದೆಂದು ತಲೆ ಆಡಿಸಿತು. ಗಟ್ಟಿ ಎಣ್ಣೆ ಒಳ್ಳೆಯದೆಂದು ನಾನು ಎಲ್ಲೂ ಹೇಳಿರಲಿಲ್ಲ. ಆದರೆ ಇಡೀ ಪ್ರಯೋಗ ಅದನ್ನೇ ಹೇಳಿತ್ತು. ಅಳೆಯಲು ಸಾಧ್ಯವಾದದ್ದು ಸ್ನಿಗ್ಧತೆ ಒಂದೇ, ಆದ್ದರಿಂದ ಎಣ್ಣೆಯ ಗುಣವೆಂದರೆ ಸ್ನಿಗ್ಧತೆಯೇ ಎಂದು ಮಕ್ಕಳು ಓದಿಕೊಂಡಿದ್ದರು. ಅಡಿಟಿವ್ ಹಾಕಿದಾಗ ನಿಧಾನವಾಯಿತು, ಅಂದರೆ ಎಣ್ಣೆ ‘ಬಲ’ವಾಯಿತು! ಡಬ್ಬಿ ಮಾರುವವರಿಗೆ ನಾನು ಪುಕ್ಕಟೆ ಪ್ರಚಾರ ಮಾಡಿದಂತಾಗಿತ್ತು.

ಅಳ್ಳೆಣ್ಣೆಯ ಪ್ರಶ್ನೆಗೆ ಉತ್ತರ

ಆ ಹುಡುಗಿಯ ಪ್ರಶ್ನೆ ದಡ್ಡ ಪ್ರಶ್ನೆಯಲ್ಲ. ಎಂಜಿನ್ನಿಗೆ ಹರಳೆಣ್ಣೆ ಹಾಕಿದ ಕಾಲ ಇತ್ತು. ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ 1899ರಲ್ಲಿ ಕಟ್ಟಿದ ಕಂಪನಿ ಇಪ್ಪತ್ತನೆಯ ಶತಮಾನದ ಮೊದಲ ದಶಕದ ಕೊನೆಗೆ ತನ್ನ ಎಣ್ಣೆಗೆ ಹರಳೆಣ್ಣೆ ಸೇರಿಸಿತು. ಹರಳಿಗೆ ಇಂಗ್ಲಿಷಿನಲ್ಲಿ ‘ಕ್ಯಾಸ್ಟರ್’ ಎನ್ನುವುದರಿಂದಲೇ ಅದಕ್ಕೆ ‘ಕ್ಯಾಸ್ಟ್ರಾಲ್’ ಎಂದು ಹೆಸರಾಯಿತು. ಇವತ್ತು ಪ್ರತಿ ಗ್ಯಾರೇಜಿನ ಗೋಡೆಯ ಮೇಲಿರುವ ಆ ಹೆಸರಿನೊಳಗೆ ನಮ್ಮ ಹಿತ್ತಲ ಹರಳುಗಿಡ ಇದೆ ಎಂದಾಗ ತರಗತಿ ನಂಬಲಿಲ್ಲ. ಮೊದಲ ಮಹಾಯುದ್ಧದ ಹಲವು ವಿಮಾನಗಳ ಎಂಜಿನ್ ಓಡಿದ್ದೂ ಹರಳೆಣ್ಣೆಯಲ್ಲಿ. ಅದರ ಅಣುಗಳು ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತವೆ.

ಹಾಗಾದರೆ ಬಿಟ್ಟದ್ದೇಕೆ? ಇದಕ್ಕೆ ಉತ್ತರ ನಮ್ಮ ತಾತನ ಗಾಡಿಯಲ್ಲಿತ್ತು. ಎತ್ತಿನ ಗಾಡಿಯ ಕೆಳಗೆ ಬಿದಿರಿನ ಗೊಟ್ಟ ತೂಗುತ್ತಿತ್ತು, ಒಳಗೆ ಹರಳೆಣ್ಣೆ ಮತ್ತು ಸುಟ್ಟ ಹುಲ್ಲಿನ ಮಸಿ ಕಲಸಿದ ಕೀಲೆಣ್ಣೆ. (ತಾತನೂ ಅಡಿಟಿವ್ ಬಳಸುತ್ತಿದ್ದರು ಎನ್ನಬಹುದು. ಮಸಿಯ ಇಂಗಾಲವೂ ಒಂದು ಒಣ ಕೀಲೆಣ್ಣೆಯೇ.) ನಾಲ್ಕು ದಿನ ಹಚ್ಚದೆ ಬಿಟ್ಟರೆ ಅಚ್ಚಿನ ಸುತ್ತ ಅಂಟು ಅಂಟಾದ ಕರಿ ಹೆಪ್ಪು ಕಟ್ಟುತ್ತಿತ್ತು, ಅದನ್ನು ಚಾಕುವಿನಿಂದ ಕೆರೆದು ಹೊಸದು ಹಚ್ಚುತ್ತಿದ್ದರು. ಹರಳೆಣ್ಣೆ ಗಾಳಿಗೂ ಕಾವಿಗೂ ಬೇಗ ಕೆಟ್ಟು ಗೋಂದಾಗುತ್ತದೆ. ಅಚ್ಚನ್ನು ಕೆರೆಯಬಹುದು. ಎಂಜಿನ್ನಿನೊಳಗೆ ಕೂದಲೆಳೆಯಂಥ ಎಣ್ಣೆದಾರಿಗಳು ಕಟ್ಟಿಕೊಂಡರೆ ಕೆರೆಯುವವರು ಯಾರು?

ಇಷ್ಟಾದ ಮೇಲೆ ಎಣ್ಣೆಯ ಕೆಲಸವನ್ನು ಎರಡಾಗಿ ಒಡೆದು ಹೇಳುವುದು ಸುಲಭವಾಯಿತು. ಎಂಜಿನ್ ಓಡುತ್ತಿರುವಾಗ ಬಹುತೇಕ ಕಡೆ ಲೋಹ ಲೋಹಕ್ಕೆ ತಾಗುವುದೇ ಇಲ್ಲ, ನಡುವೆ ಎಣ್ಣೆಯ ಪದರ ಬೆಣೆಯಂತೆ ನಿಂತು ಎರಡನ್ನೂ ಎತ್ತಿ ಹಿಡಿಯುತ್ತದೆ. ಇಲ್ಲಿ ಸ್ನಿಗ್ಧತೆ ಮುಖ್ಯ, ಆದರೆ ಸಾಕಷ್ಟು ಇದ್ದರೆ ಸಾಕು. ಹೆಚ್ಚಾದರೆ ಎಣ್ಣೆಯನ್ನು ಕಲಕುವುದಕ್ಕೇ ಪೆಟ್ರೋಲ್ ಖರ್ಚು. ಸ್ಟಾರ್ಟ್ ಮಾಡುವ ಗಳಿಗೆಯಲ್ಲಿ, ಪಿಸ್ಟನ್ ಮೇಲೆ ಮುಟ್ಟಿ ಹಿಂತಿರುಗುವ ಬಿಂದುವಿನಲ್ಲಿ ಪದರ ತೆಳುವಾಗಿ ಲೋಹದ ಏಣುಗಳು ತಾಗುತ್ತವೆ. ಅಲ್ಲಿ ಕೆಲಸಕ್ಕೆ ಬರುವುದು ರಸಾಯನ. ಸತು, ರಂಜಕ, ಗಂಧಕಗಳಿರುವ ‘ಜಡ್‌ಡಿಡಿಪಿ’ ಎಂಬ ಸಂಯುಕ್ತ ಕಾವಿಗೆ ಒಡೆದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುತ್ತದೆ. ಲೋಹದ ಬದಲು ಆ ಪೊರೆ ಸವೆಯುತ್ತದೆ, ಮತ್ತೆ ಕಟ್ಟಿಕೊಳ್ಳುತ್ತದೆ. 1940ರ ದಶಕದಿಂದ ಇದು ಬಳಕೆಯಲ್ಲಿದೆ. ನಮ್ಮ ಸಿರಿಂಜ್ ಇದನ್ನು ಎಂದೂ ತೋರಿಸಲಾರದು.

ಮುಖ್ಯ ಮಾತು ಇಲ್ಲಿದೆ. ಆ ಸಂಯುಕ್ತ ಅಂಗಡಿಯ ಸಾಮಾನ್ಯ ಆಯಿಲ್ ಡಬ್ಬಿಯೊಳಗೆ ಆಗಲೇ ಇದೆ. ಮಸಿಯನ್ನು ತೊಳೆಯುವ, ತೊಳೆದದ್ದನ್ನು ತೇಲಿಸಿಟ್ಟುಕೊಳ್ಳುವ, ನೊರೆ ತಡೆಯುವ, ಕಾದಾಗ ತೀರಾ ತೆಳುವಾಗದಂತೆ ಹಿಡಿಯುವ ವಸ್ತುಗಳೂ ಇವೆ. ಎಲ್ಲ ಸೇರಿ ನೂರರಲ್ಲಿ ಹತ್ತು ಭಾಗಕ್ಕೂ ಹೆಚ್ಚಿರುವುದು ಸಾಮಾನ್ಯ. (ಎಣ್ಣೆ ಕಪ್ಪಾಗುವುದು ಅದು ಕೆಲಸ ಮಾಡುತ್ತಿರುವುದರ ಗುರುತೂ ಹೌದು.) ಡಬ್ಬಿಯ ಮೇಲೆ ‘ಎಪಿಐ ಎಸ್‌ಎಲ್’, ‘ಎಸ್‌ಎನ್’ ಎಂದಿರುವುದು ಈ ಇಡೀ ಮಿಶ್ರಣ ಎಂಜಿನ್ ಪರೀಕ್ಷೆಗಳಲ್ಲಿ ತೇರ್ಗಡೆಯಾದ ದರ್ಜೆ. ಸೇರ್ಪಡೆಗಳೇ ಇಲ್ಲದ ಎಣ್ಣೆಗೂ ಒಂದು ದರ್ಜೆ ಇದೆ, ‘ಎಸ್‌ಎ’. ಅದು 1930ಕ್ಕಿಂತ ಹಿಂದಿನ ಎಂಜಿನ್ನುಗಳಿಗೆ ಮಾತ್ರ ಸಲ್ಲುತ್ತದೆ. ಅಂದರೆ ‘ಅಡಿಟಿವ್ ಬೇಕೇ?’ ಎಂಬ ಪ್ರಶ್ನೆಯೇ ತಪ್ಪು. ಅಡಿಟಿವ್ ಬೇಕೇಬೇಕು, ಕೊಂಡೂ ಆಗಿದೆ. ಅಳತೆ ಹಾಕಿ ಬೆರೆಸಿ ಪರೀಕ್ಷಿಸಿದ ಸಾಂಬಾರಿಗೆ ಬಡಿಸುವಾಗ ಇನ್ನೊಂದು ಹಿಡಿ ಉಪ್ಪು ಬೇಕೇ ಎಂಬುದು ಸರಿಯಾದ ಪ್ರಶ್ನೆ. ಹೆಚ್ಚಿಗೆ ಸುರಿದದ್ದು ಒಳಗಿರುವುದರ ಜೊತೆ ಲೋಹದ ಮೇಲಿನ ಅದೇ ಜಾಗಕ್ಕೆ ಪೈಪೋಟಿ ಮಾಡಬಹುದು.

ಇಂಥ ಡಬ್ಬಿಗಳ ಜಾಹೀರಾತು ಬೇರೆ ಕಡೆಯೂ ಸಿಕ್ಕಿಬಿದ್ದಿದೆ. ‘ಸ್ಲಿಕ್ 50’ ಎಂಬ ಹೆಸರಾಂತ ಅಡಿಟಿವ್‌ನ ಪ್ರಚಾರಕ್ಕೆ ಆಧಾರವಿಲ್ಲವೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1996ರಲ್ಲಿ ಆರೋಪ ಹೊರಿಸಿತು. 1997ರಲ್ಲಿ ಕಂಪನಿ ರಾಜಿ ಮಾಡಿಕೊಂಡಿತು. ಸ್ಟಾರ್ಟ್ ಮಾಡುವಾಗ ಸಾಮಾನ್ಯ ಎಣ್ಣೆ ಎಂಜಿನ್ನಿಗೆ ರಕ್ಷಣೆಯನ್ನೇ ಕೊಡುವುದಿಲ್ಲ ಎಂಬಂಥ ಮಾತುಗಳು ಅದರ ಜಾಹೀರಾತಿನಲ್ಲಿದ್ದವು. ನನ್ನ ಮೆಕ್ಯಾನಿಕ್ ಹೇಳಿದ್ದೂ ಹೆಚ್ಚುಕಡಿಮೆ ಅದನ್ನೇ! ಸವೆದು ಹೊಗೆ ಉಗುಳುವ ಹಳೆ ಎಂಜಿನ್ನಿಗೆ ಗಟ್ಟಿ ಮಾಡುವ ಅಡಿಟಿವ್ ಹಾಕಿದರೆ ಕೆಲ ಕಾಲ ಹೊಗೆ ತಗ್ಗುವುದು ನಿಜ. ಸವೆತ ಹಾಗೆಯೇ ಇರುತ್ತದೆ.

ಸಿಂಥೆಟಿಕ್ ಮತ್ತು ಅಣ್ಣನ ಲೆಕ್ಕ

ಸಿಂಥೆಟಿಕ್ ಎಣ್ಣೆಯ ವಿಷಯ ಬೇರೆ. ಅದು ಮೇಲೆ ಸುರಿಯುವ ವಸ್ತುವಲ್ಲ, ಮೂಲ ತೈಲವೇ ಬೇರೆ. ಕಚ್ಚಾ ತೈಲದಿಂದ ಸೋಸಿ ತೆಗೆದ ಖನಿಜ ತೈಲದಲ್ಲಿ ನಾನಾ ಗಾತ್ರದ ಅಣುಗಳಿರುತ್ತವೆ, ಸಂಶ್ಲೇಷಿತ ತೈಲದಲ್ಲಿ ಬೇಕಾದ ಗಾತ್ರದವನ್ನು ಕಟ್ಟಿರುತ್ತಾರೆ. ಹಾಗಾಗಿ ಕಾವು ಏರಿಳಿದಾಗ ಅದರ ಸ್ನಿಗ್ಧತೆ ಕಡಿಮೆ ಬದಲಾಗುತ್ತದೆ, ಅತಿಯಾದ ಬಿಸಿಯಲ್ಲಿ ನಿಧಾನವಾಗಿ ಕೆಡುತ್ತದೆ. ಗುಣ ನಿಜವಾದದ್ದು. ಆದರೆ ಹೆಸರು ಸ್ವಲ್ಪ ಸಡಿಲ: ಖನಿಜ ತೈಲವನ್ನೇ ಹೈಡ್ರೋಜನ್‌ನಿಂದ ತೀವ್ರವಾಗಿ ಸಂಸ್ಕರಿಸಿದ್ದನ್ನೂ ‘ಸಿಂಥೆಟಿಕ್’ ಎಂದು ಮಾರಬಹುದೇ ಎಂಬ ಬಗ್ಗೆ ಎರಡು ದೊಡ್ಡ ಕಂಪನಿಗಳು ಅಮೆರಿಕದಲ್ಲಿ ಜಗಳವಾಡಿ, 1999ರಲ್ಲಿ ಅಲ್ಲಿನ ಜಾಹೀರಾತು ಪರಿಶೀಲನಾ ವಿಭಾಗ ಮಾರಬಹುದೆಂದಿತು.

ಪ್ರಶ್ನೆ ಎಂದರೆ ಆ ಗುಣ ಯಾರಿಗೆ ಬೇಕು? ಟರ್ಬೊ ಇರುವ ಕಾರು, ಹಿಮ ಬೀಳುವ ಊರು, ಕೈಪಿಡಿಯಲ್ಲೇ ಸಿಂಥೆಟಿಕ್ ಎಂದು ಬರೆದ ಬೈಕು, ಇವಕ್ಕೆ ಬೇಕು. 100 ಸಿ.ಸಿ. ಬೈಕಿಗೆ? ಇದನ್ನು ಮಕ್ಕಳಿಂದಲೇ ಲೆಕ್ಕ ಮಾಡಿಸಿದೆ. ಅಣ್ಣನ ಓಟ ದಿನಕ್ಕೆ 60 ಕಿ.ಮೀ., ತಿಂಗಳಿಗೆ 25 ದಿನ, ವರ್ಷಕ್ಕೆ 18,000 ಕಿ.ಮೀ. ನಾವು ವಿಚಾರಿಸಿದ ಅಂಗಡಿಯಲ್ಲಿ 900 ಮಿ.ಲೀ. ಸಾಮಾನ್ಯ ಎಣ್ಣೆಗೆ 380 ರೂ., ಸಿಂಥೆಟಿಕ್‌ಗೆ 820 ರೂ. ಅಣ್ಣನ ರೂಢಿಯಂತೆ 3,000 ಕಿ.ಮೀ.ಗೊಮ್ಮೆ ಸಾಮಾನ್ಯ ಎಣ್ಣೆ ಬದಲಿಸಿದರೆ ವರ್ಷಕ್ಕೆ 2,280 ರೂ. ಪ್ರತಿಸಲ ಅಡಿಟಿವ್ ಸೇರಿದರೆ 4,320. ಸಿಂಥೆಟಿಕ್ ಹಾಕಿ 6,000ಕ್ಕೊಮ್ಮೆ ಬದಲಿಸಿದರೆ 2,460, ಅದನ್ನೂ ರೂಢಿಯಂತೆ 3,000ಕ್ಕೇ ಬದಲಿಸಿದರೆ 4,920.

ಆಮೇಲೆ ಹುಡುಗ ಬೈಕಿನ ಕೈಪಿಡಿ ತಂದ. ಸೀಟಿನ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಬಿಚ್ಚದೆ ಇತ್ತಂತೆ. ಅದರಲ್ಲಿ 10ಡಬ್ಲ್ಯೂ-30, ಜಾಸೋ ಎಂಎ, 6,000ಕ್ಕೆ ಬದಲಾವಣೆ, ನಡುವೆ 3,000ಕ್ಕೆ ಮಟ್ಟ ನೋಡಿ ಕಡಿಮೆಯಿದ್ದರೆ ತುಂಬಿಸುವುದು ಎಂದಿತ್ತು. ಹಾಗೆ ಮಾಡಿದರೆ ವರ್ಷಕ್ಕೆ 1,140 ರೂ., ಮೇಲೆ ತುಂಬಿಸುವ ಸ್ವಲ್ಪ ಎಣ್ಣೆ. ಕಬ್ಬಿನ ಗಾಡಿಗಳ ದೂಳಿನ ರಸ್ತೆಯಲ್ಲಿ ಓಡುವುದರಿಂದ ಸ್ವಲ್ಪ ಮೊದಲೇ ಬದಲಿಸುವುದು ಮೇಲು ಎಂದು ನಾನು ಸೇರಿಸಿದೆ. ಅಣ್ಣ ಈವರೆಗೆ ಹಾಕಿಸುತ್ತಿದ್ದದ್ದು 20ಡಬ್ಲ್ಯೂ-40, ‘ಗಟ್ಟಿಯಾಗಿರುತ್ತೆ’ ಎಂಬ ಕಾರಣಕ್ಕೆ.

ಮುಂದೆ ಈ ಪಾಠ ಮಾಡುವವರಿಗೆ

ಸಿರಿಂಜ್ ಪ್ರಯೋಗ ಬಿಡಬೇಡಿ, ಆದರೆ ಮೊದಲು ಹರಳೆಣ್ಣೆಯನ್ನೇ ಹಾಕಿ, ‘ಇದು ಗೆದ್ದಿತೇ?’ ಎಂಬ ಪ್ರಶ್ನೆಯಿಂದ ಆರಂಭಿಸಿ. ನಾನು ಅದನ್ನು ಕೊನೆಗಿಟ್ಟು ಕೆಟ್ಟೆ. ಹಳೆಯ ಎಂಜಿನ್ ಎಣ್ಣೆಯನ್ನು ಮಕ್ಕಳ ಕೈಗೆ ಕೊಡಬೇಡಿ, ಚರ್ಮಕ್ಕೆ ಒಳ್ಳೆಯದಲ್ಲ. ಉಳಿದದ್ದನ್ನು ಚರಂಡಿಗೆ ಸುರಿಯದೆ ಗ್ಯಾರೇಜಿನ ಡ್ರಮ್ಮಿಗೆ ಕೊಟ್ಟುಬನ್ನಿ, ಇಲ್ಲಿನ ಚರಂಡಿಗಳು ಕೊನೆಗೆ ಹೊಳೆಗೇ ಸೇರುತ್ತವೆ. ಬಿಸಿ ಎಣ್ಣೆಯ ಅಳತೆಯನ್ನು ಶಿಕ್ಷಕರೇ ಮಾಡಬೇಕು. ಡಬ್ಬಿಗಳ ಹಿಂಬದಿ ಓದಿಸುವುದಕ್ಕೆ ಒಂದು ಪೂರ್ತಿ ಅವಧಿ ಕೊಟ್ಟರೂ ನಷ್ಟವಿಲ್ಲ.

ಘಟಕ ಪರೀಕ್ಷೆಯಲ್ಲಿ ‘ಬೈಕಿನ ಎಂಜಿನ್ ಎಣ್ಣೆ ಅತಿಯಾಗಿ ಜಾರುವಂತಿದ್ದರೆ ಏನಾಗುತ್ತದೆ?’ ಎಂದು ಕೇಳಿದ್ದೆ. ಹೆಚ್ಚಿನವರು ಕ್ಲಚ್ಚಿನ ಮಾತು ಬರೆದರು. ಆರು ಮಂದಿ ‘ಗಾಡಿ ವೇಗವಾಗಿ ಹೋಗುತ್ತದೆ’ ಎಂದು ಬರೆದರು.

ಡಬ್ಬಿಯ 340 ರೂಪಾಯಿಯನ್ನು ಆ ಮನೆಗೆ ಕೊಡಲು ಹೋದೆ. ಅಣ್ಣ ತೆಗೆದುಕೊಳ್ಳಲಿಲ್ಲ, ತಟ್ಟೆ ಹೇಗೂ ಹೋಗಿತ್ತು ಎಂದ. ತಮ್ಮ ಪಕ್ಕದಲ್ಲೇ ನಿಂತಿದ್ದ. ನಿಜಕ್ಕೂ ತಪ್ಪು ಡಬ್ಬಿಯದೇ ಎಂದು ಈಗ ನಿನಗೆ ಅನಿಸುತ್ತದೆಯೇ ಎಂದು ಅವನನ್ನು ಕೇಳಿದೆ. “ಗೊತ್ತಾಗಲ್ಲ ಮಿಸ್. ಅದೇ ಥರದ್ದು ಇನ್ನೊಂದು ಬೈಕ್ ಇರ್ಬೇಕಿತ್ತು, ಅದಕ್ಕೆ ಹಾಕ್ದೆ ಓಡಿಸಬೇಕಿತ್ತು” ಎಂದ.